ಸ್ವೆಟರ್ ತೊಟ್ಟ ಬ್ರೆಡ್ ಮೆಷಿನ್ನು

ನಿಮ್ಮ ಕಷ್ಟ ಯಾವಾಗ ಶುರುವಾಯಿತು ಎಂದು ಕೇಳಿದರೆ ಮದುವೆಯಾದಾಗಿನಿಂದ ಎನ್ನುವವರಿದ್ದಾರೆ, ಮನೆ ಕಟ್ಟಿಸಲು ಹೊರಟಾಗಿನಿಂದ ಎನ್ನುವವರಿದ್ದಾರೆ. ಗಡಿಯಾರದ ಮುಳ್ಳು ತೋರಿಸಿ ಹೇಳುವವರು ಕಡಿಮೆ. ನಾನು ಹೇಳಬಲ್ಲೆ. ನನ್ನದು ಶುರುವಾದದ್ದು ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ನಮ್ಮ ಬಚ್ಚಲುಮನೆಯಲ್ಲಿ. ಬ್ರೆಡ್ಡಿಗೂ ಬಚ್ಚಲುಮನೆಗೂ ಏನು ಸಂಬಂಧ ಎಂದು ಈಗ ನೀವು ಕೇಳುತ್ತೀರಿ. ನಮ್ಮೂರು ಬಣಕಲ್‌ನ ಡಿಸೆಂಬರ್ ಚಳಿಯಲ್ಲಿ ಒಮ್ಮೆ ದೋಸೆಹಿಟ್ಟು ಹುಳಿ ಬರಿಸಲು ಪ್ರಯತ್ನಿಸಿದವರು ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ಮೊದಲು ನಮ್ಮ ಅಪ್ಪಯ್ಯನ ವಿಷಯ ಹೇಳಬೇಕು. ಹೆದ್ದಾರಿ ಪಕ್ಕದಲ್ಲಿ ಜವಳಿ ಅಂಗಡಿ ನಡೆಸಿ ಈಗ ವಿಶ್ರಾಂತಿಯಲ್ಲಿರುವ ಅವರ ಬೆಳಗಿನ ತಿಂಡಿ, ನನಗೆ ನೆನಪಿರುವಂದಿನಿಂದ, ಬಸ್ ಸ್ಟ್ಯಾಂಡಿನ ಬೇಕರಿಯ ಎರಡು ತುಂಡು ಬ್ರೆಡ್ಡು ಮತ್ತು ಒಂದು ಲೋಟ ಕಾಫಿ. ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ, ತೊಟ್ಟಿಕ್ಕುವ ಮೊದಲೇ ಬಾಯಿಗಿಡುವುದರಲ್ಲಿ ಅವರಿಗೆ ಒಂದು ಕೈಚಳಕವಿತ್ತು. ಕಳೆದ ವರ್ಷ ಬೇಕರಿಯವನು ಮಂಡಿನೋವು ತಾಳಲಾರದೆ ಅಂಗಡಿ ಮುಚ್ಚಿ ಊರಿಗೆ ಹೋದ. ನಾವು ಪ್ಯಾಕೆಟ್ ಬ್ರೆಡ್ ತಂದೆವು. ಅಪ್ಪಯ್ಯ ಒಂದು ತುಂಡು ಅದ್ದಿ ತಿಂದು, "ಇದು ಬ್ರೆಡ್ಡಲ್ಲ ಮಾರಾಯ, ಹತ್ತಿ. ಅದಕ್ಕೂ ಸಕ್ಕರೆ ಹಾಕಿದಾರೆ" ಎಂದು ತಟ್ಟೆ ಸರಿಸಿದರು. ರೊಟ್ಟಿ ಹಲ್ಲಿಗೆ ಬಾರದು, ಕಡುಬು ಹೊಟ್ಟೆಗೆ ಭಾರ. ಕೊನೆಗೆ ಬರೀ ಕಾಫಿ ಕುಡಿದು ಮಾತ್ರೆ ನುಂಗತೊಡಗಿದರು. ಅವರ ಅಂಗಿಯ ಕಾಲರ್ ಕತ್ತಿನ ಸುತ್ತ ಸಡಿಲವಾದದ್ದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ ಗಿರಿಜಾ. "ರೀ, ಮಾವಯ್ಯ ಇಳಿದು ಹೋಗಿದಾರೆ. ಏನಾದ್ರೂ ಮಾಡ್ಬೇಕು" ಎಂದಳು.

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಬ್ರೆಡ್ ಮೆಷಿನ್ನು. ಕ್ಲಬ್ಬಿನ ತಂಬೋಲ ಆಟದಲ್ಲಿ ಗಿರಿಜಾ ಗೆದ್ದದ್ದು. ಮಿಕ್ಸಿ ಬರಬಹುದೆಂದು ಆಸೆಪಟ್ಟಿದ್ದವಳು ಬೇಸರದಿಂದ ಅದನ್ನು ಪೆಟ್ಟಿಗೆ ಸಮೇತ ಅಟ್ಟಕ್ಕೆ ಏರಿಸಿದ್ದಳು. ನಾನು ಪದವಿಪೂರ್ವ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಯಂತ್ರವೆಂದರೆ ನನ್ನ ಇಲಾಖೆ. ಧೂಳು ಒರೆಸಿ, ಜತೆಗಿದ್ದ ಪುಸ್ತಕ ಓದಿದೆ. ಸುಲಭವೇ ಸುಲಭ: ಪಾತ್ರೆಯ ತಳದಲ್ಲಿ ಪುಟ್ಟ ರೆಕ್ಕೆ ಸಿಕ್ಕಿಸುವುದು, ನೀರು, ಮೈದಾ, ಉಪ್ಪು, ಯೀಸ್ಟ್ ಹಾಕುವುದು, ಗುಂಡಿ ಒತ್ತುವುದು. ನಾದುವುದು, ಉಬ್ಬಿಸುವುದು, ಬೇಯಿಸುವುದು ಎಲ್ಲ ಅದರದೇ ಹೊಣೆ. ರಾತ್ರಿಯೇ ಹೊತ್ತು ಗೊತ್ತುಮಾಡಿ ಮಲಗಿದರೆ ಬೆಳಗಿನ ಕಾಫಿಗೆ ಸರಿಯಾಗಿ ಬಿಸಿ ಬ್ರೆಡ್ಡು. ಪುಸ್ತಕದ ಈ ವಾಕ್ಯವನ್ನು ನಾನು ಅಪ್ಪಯ್ಯನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ನೋಡುವ" ಎಂದರು.

ನಮ್ಮ ಮನೆಯಲ್ಲಿ ಉಬ್ಬಬೇಕಾದ ಯಾವ ಹಿಟ್ಟೇ ಆಗಲಿ ರಾತ್ರಿ ಕಳೆಯುವುದು ಬಚ್ಚಲುಮನೆಯಲ್ಲಿ, ಹಂಡೆಯ ಪಕ್ಕದ ಕಟ್ಟೆಯ ಮೇಲೆ. ಒಲೆಯ ಕೆಂಡದ ಕಾವಿಗೆ ಅಲ್ಲಿ ಬೆಚ್ಚಗಿರುತ್ತದೆ. ಪಾತ್ರೆಗೆ ಹಳೆಯ ಸ್ವೆಟರ್ ಸುತ್ತುವುದೂ ವಾಡಿಕೆ. ಹಾಗಾಗಿ ಮೆಷಿನ್ನನ್ನು ಎಲ್ಲಿಡಬೇಕೆಂಬ ಬಗ್ಗೆ ನಮ್ಮಲ್ಲಿ ಚರ್ಚೆಯೇ ನಡೆಯಲಿಲ್ಲ. ಅದರ ಹೊಟ್ಟೆಯೊಳಗೇ ಕಾವು ಕೊಡುವ ಏರ್ಪಾಡಿದೆ ಎಂದು ಓದಿದ್ದ ನಾನೇ ಅದನ್ನು ಹೊತ್ತು ಹಂಡೆಯ ಪಕ್ಕ ಇಟ್ಟೆ. ವಾಷಿಂಗ್ ಮೆಷಿನ್ನಿನ ಪ್ಲಗ್ ಪಾಯಿಂಟು ಅಲ್ಲೇ ಇತ್ತು. ಗಿರಿಜಾ ಅಪ್ಪಯ್ಯನ ಕಂದು ಸ್ವೆಟರನ್ನು ಕೆಳಗಿನಿಂದ ತೊಡಿಸಿ, ಎರಡು ತೋಳನ್ನೂ ಮುಂದೆ ತಂದು ಗಂಟು ಹಾಕಿದಳು. ಕೈಕಟ್ಟಿ ಕುಳಿತ ಸಂಭಾವಿತನಂತೆ ಕಾಣುತ್ತಿತ್ತು.

ನಾಲ್ಕೂ ಹತ್ತಕ್ಕೆ ಗುಡುಗುಡು ಸದ್ದಿಗೆ ಎಚ್ಚರವಾಯಿತು. ಹೋಗಿ ನೋಡಿದರೆ ಕೆಂಡದ ಮಂದ ಬೆಳಕಿನಲ್ಲಿ ಕಂದು ಸ್ವೆಟರಿನ ಆಕೃತಿಯೊಂದು ಕಟ್ಟೆಯ ಮೇಲೆ ಅಲುಗಾಡುತ್ತಿದೆ. "ಅಪ್ಪಯ್ಯಾ, ಇಷ್ಟು ಬೇಗ ಸ್ನಾನವಾ?" ಎಂದೆ. ಆಕೃತಿ ಉತ್ತರ ಕೊಡದೆ ಒಂದು ಹೆಜ್ಜೆ ಮುಂದಿಟ್ಟಿತು. ಹಿಟ್ಟು ನಾದುವ ರಭಸಕ್ಕೆ ಮೆಷಿನ್ನು ನಡೆಯುತ್ತಿತ್ತು! ಅದರ ಕಾಲಿಗಿದ್ದ ರಬ್ಬರ್ ಕಲ್ಲಿಗೆ ಕಚ್ಚಿಕೊಳ್ಳದಂತೆ ಕೆಳಗೆ ಸ್ವೆಟರಿನ ಉಣ್ಣೆ ಹಾಸಿದವರು ನಾವೇ. ಘರ್ಷಣೆ ಎಂಬ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತೇನೆ. ನಯವಾದ ಕಲ್ಲಿನ ಮೇಲೆ ಅದು ಹೊರಟಿದ್ದು ನೇರ ಹಂಡೆಯ ಕಡೆಗೆ. ಹಂಡೆಯ ಮುಚ್ಚಳ ಅರ್ಧ ತೆರೆದಿತ್ತು. ಬಾಯಿತನಕ ನೀರು. ನೀರಿಗೂ ಕರೆಂಟಿಗೂ ಇರುವ ಸಂಬಂಧದ ಪಾಠವೂ ನನ್ನದೇ. ಆ ಗಳಿಗೆಯಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ, ನೋಡಿದೆ. ಬಾಯಿ ತೆರೆದುಕೊಂಡು, ಕೈ ಮುಂದೆ ಚಾಚಿಕೊಂಡು, ನೋಡಿದೆ. ಹಿಂದಿನಿಂದ ಬಂದ ಗಿರಿಜಾ ಒಂದು ಕೈಯಲ್ಲಿ ಸ್ವಿಚ್ಚು ಆರಿಸಿ, ಇನ್ನೊಂದು ಕೈಯಲ್ಲಿ, ಅಂಚಿನಾಚೆಗೆ ವಾಲಿದ್ದ ಮೆಷಿನ್ನಿನ ಸ್ವೆಟರ್ ತೋಳನ್ನು ಹಿಡಿದು ಹಿಂದಕ್ಕೆಳೆದಳು, ರಸ್ತೆಗೆ ಓಡುವ ಮಗುವನ್ನು ಎಳೆಯುವಂತೆ. ಆಮೇಲೆ ನನ್ನತ್ತ ತಿರುಗಿ, "ನೀವೆಂತಕ್ಕೆ ಕೈ ಚಾಚಿದ್ದು? ಅದಕ್ಕೆ ದಾರಿ ತೋರಿಸ್ಲಿಕ್ಕಾ?" ಎಂದಳು.

ಬ್ರೆಡ್ಡು ಆಗಲಿಲ್ಲ. ನಿದ್ದೆಯೂ ಅಂದಿನಿಂದ ಹೋಯಿತು. ದಿನಾ ನಾಲ್ಕೂ ಹತ್ತಕ್ಕೆ ಕಣ್ಣು ತೆರೆಯುವುದು, ಕಣ್ಣ ಮುಂದೆ ಕಂದು ಸ್ವೆಟರು ಹಂಡೆಯತ್ತ ಹೆಜ್ಜೆ ಹಾಕುವುದು, ಗಿರಿಜಾಳ ಕೈ ಒಂದು ಗಳಿಗೆ ತಡವಾಗಿದ್ದರೆ ಎಂದು ಹೊರಳಾಡುವುದು. ಪಕ್ಕದಲ್ಲಿ ಗಿರಿಜಾಳೂ ಎದ್ದೇ ಇರುತ್ತಿದ್ದಳು. "ಅಟ್ಟಕ್ಕೇ ಹಾಕಿಬಿಡುವ" ಎಂದೆ. "ಮಾವಯ್ಯನ ಕಾಲರ್ ನೋಡಿದೀರಾ?" ಎಂದಳು.

ಎರಡನೆಯ ಸಲ ಮೆಷಿನ್ನನ್ನು ಅಡುಗೆಮನೆಯ ಕಟ್ಟೆಯ ಮೇಲೆ, ಸ್ವೆಟರ್ ಇಲ್ಲದೆ ಇಟ್ಟು, ತೆಂಗಿನ ಹಗ್ಗದಿಂದ ಕಿಟಕಿಯ ಸರಳಿಗೆ, ದನ ಕಟ್ಟುವಂತೆ, ಬಿಗಿದೆ. ಅಪ್ಪಯ್ಯ ಬಂದು ನೋಡಿ, "ಇದು ಹಾಯುತ್ತದಾ?" ಎಂದು ಕೇಳಿದರು. ಹಾಯಲಿಲ್ಲ, ಆದರೆ ನಡುವೆ ಕರೆಂಟು ಹೋಯಿತು. ಮತ್ತೆ ಬಂದಾಗ ಮೆಷಿನ್ನಿಗೆ ತಾನು ಯಾರು, ಹೊಟ್ಟೆಯಲ್ಲಿರುವುದು ಏನು ಎಂಬುದೇ ಮರೆತುಹೋಗಿತ್ತು, ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಎಬ್ಬಿಸಿ ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಹಾಗೆ. ಹಿಟ್ಟು ಮಾತ್ರ ಯಾರ ಅಪ್ಪಣೆಗೂ ಕಾಯದೆ ಉಬ್ಬಿ ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು.

ಮೂರನೆಯದು ಬಂತು ನೋಡಿ! ಹೊಂಬಣ್ಣದ ನೆತ್ತಿ, ತಟ್ಟಿದರೆ ಟೊಳ್ಳು ಸದ್ದು, ಮನೆತುಂಬ ಬೇಕರಿಯ ಘಮ. ನನ್ನ ಮಕ್ಕಳು ಹುಟ್ಟಿದಾಗಲೂ ಅಷ್ಟು ಫೋಟೋ ತೆಗೆದಿರಲಿಲ್ಲ. ಅಪ್ಪಯ್ಯ ಅದ್ದಿ ತಿಂದರು, ಇನ್ನೊಂದು ತುಂಡಿಗೆ ಕೈ ಚಾಚಿದರು. ನಾನು ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿ ಸ್ಟಾಫ್ ರೂಮಿಗೆ ಒಯ್ದೆ. ಬ್ರೆಡ್ಡು ಕಂಡ ಎಲ್ಲರೂ ಕೇಳಿದ್ದು ಒಂದೇ: "ಮನೇಲಿ ಯಾರಿಗೆ ಜ್ವರ?" ಜ್ವರ ಯಾರಿಗೂ ಇಲ್ಲ, ಇದು ನಮ್ಮ ಮನೆಯಲ್ಲೇ ಹುಟ್ಟಿದ್ದು ಎಂದು ವಿವರಿಸಿದೆ. ಯೀಸ್ಟಿನ ಉಸಿರಾಟದಿಂದ ಹಿಡಿದು ಹಗ್ಗದ ಬಿಗಿತದವರೆಗೆ ಎಲ್ಲ ಹೇಳಿದೆ. ಹಂಡೆಯ ಪ್ರಸಂಗ ಮಾತ್ರ ಹೇಳಲಿಲ್ಲ.

ಆದರೂ ನಾಲ್ಕೂ ಹತ್ತು ಬಿಡಲಿಲ್ಲ. ಮೆಷಿನ್ನು ಶುರುವಾಗುವುದು ಆಗಲೇ, ನಾವಿಬ್ಬರೂ ಎದ್ದು ಶಾಲು ಹೊದ್ದು ಅದರ ಮುಂದೆ ಕಾವಲು ಕೂರುವುದೂ ಆಗಲೇ. ಕ್ಲಾಸಿನಲ್ಲಿ ನಾನು ಆಕಳಿಸಿದರೆ ಹುಡುಗರೂ ಆಕಳಿಸತೊಡಗಿದರು. ಒಂದು ಬೆಳಿಗ್ಗೆ ಅಪ್ಪಯ್ಯ ನಮ್ಮ ಕೆಂಪು ಕಣ್ಣುಗಳನ್ನು ನೋಡಿ, ಲೋಟದಿಂದ ಚಮಚದಲ್ಲಿ ಏನನ್ನೋ ಮೇಲೆತ್ತುತ್ತ ಕೇಳಿದರು: "ಅಲ್ಲ ಮಾರಾಯ, ಇದನ್ನ ದಿನಾ ಬೆಳಿಗ್ಗೇನೇ ಮಾಡ್ಬೇಕಾ?"

"ಬಿಸಿಬಿಸಿ ಬೇಡ್ವಾ ಅಪ್ಪಯ್ಯ?"

"ಬಿಸಿ ಬ್ರೆಡ್ಡು ಕಾಫಿಗೆ ಹಾಕಿದ ಕೂಡಲೆ ಮುರಿದು ತಳ ಸೇರ್ತದೆ. ರುಚಿ ಏನೋ ಬೇಕರಿಯವನದ್ದಕ್ಕಿಂತ ಮೇಲೇ ಉಂಟು, ಸುಳ್ಳು ಹೇಳಬಾರದು. ಆದ್ರೆ ಅವನು ಕೊಡ್ತಿದ್ದದ್ದು ಹಿಂದಿನ ದಿನದ್ದು. ಅದ್ದಲಿಕ್ಕೆ ಅದೇ ಸರಿ."

"ಮೊದಲೇ ಹೇಳಬಾರದಿತ್ತಾ?"

"ನೀನು ಬಿಸಿ ಬ್ರೆಡ್ಡು ಅಂತ ಪುಸ್ತಕ ಓದಿ ಹೇಳಿದ್ದೆಯಲ್ಲ, ಪಾಪ" ಎಂದರು.

ಗಿರಿಜಾ ನನ್ನನ್ನು ನೋಡಿದಳು. ನಾನು ಕಿಟಕಿಯ ಹಗ್ಗವನ್ನು ನೋಡಿದೆ. ಅಂದು ಭಾನುವಾರ. ಮಧ್ಯಾಹ್ನದ ಊಟವಾದ ಮೇಲೆ ಹಗಲು ಬೆಳಕಿನಲ್ಲೇ ಗುಂಡಿ ಒತ್ತಿದೆವು. ಸಂಜೆಗೆ ಬ್ರೆಡ್ಡು ಬಟ್ಟೆ ಹೊದ್ದು ತಣ್ಣಗೆ ಕುಳಿತಿತ್ತು. ಆಗಲೇ ಕಳಸದಿಂದ ನನ್ನ ಷಡ್ಡಕನ ಫೋನು. ನಾನು ಕಳಿಸಿದ್ದ, ಹಗ್ಗ ಬಿಗಿದ ಮೆಷಿನ್ನಿನ ಫೋಟೋಗಳನ್ನು ನೋಡಿ ಅವನೂ ಒಂದು ತರಿಸಿದ್ದನಂತೆ. "ಭಾವ, ಎಲ್ಲ ಸಾಮಾನೂ ಬಂತು. ಪೆಟ್ಟಿಗೆಯಲ್ಲಿ ಹಗ್ಗ ಒಂದು ಇಲ್ಲ. ಎಷ್ಟು ಮಾರು ಬೇಕು?" ಎಂದು ಕೇಳಿದ. ಇಂಥ ವಿಷಯದಲ್ಲಿ ಅನುಭವಸ್ಥರು ಹಿಂಜರಿಯಬಾರದು. "ಎರಡು ಮಾರು. ತೆಂಗಿನದೇ ಆಗಬೇಕು, ನೈಲಾನು ಹಿಡಿಯುವುದಿಲ್ಲ" ಎಂದೆ, ಗಂಭೀರವಾಗಿ.

ಆ ರಾತ್ರಿ ಮಲಗಿದವನಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಗೆ ಬಂದಿತ್ತು. ಪಕ್ಕದಲ್ಲಿ ಗಿರಿಜಾ ಇನ್ನೂ ಗೊರಕೆ ಹೊಡೆಯುತ್ತಿದ್ದಳು. ಅಡುಗೆಮನೆಯಲ್ಲಿ ಅಪ್ಪಯ್ಯ ತಾವೇ ಕಾಫಿ ಬೆರೆಸಿಕೊಂಡು, ಮೂರನೆಯ ತುಂಡನ್ನು ತೊಟ್ಟಿಕ್ಕುವ ಮೊದಲೇ ಬಾಯಿಗಿಡುತ್ತಿದ್ದರು. ಅವರ ಮೈಮೇಲೆ ಅದೇ ಕಂದು ಸ್ವೆಟರು. ಹಿಂದಿನಿಂದ ನೋಡಿದವನಿಗೆ ಒಂದು ಕ್ಷಣ ಅದು ಹಂಡೆಯತ್ತ ಹೊರಟ ಮೆಷಿನ್ನೆನಿಸಿತು. ಕೈ ತನ್ನಷ್ಟಕ್ಕೆ ಮುಂದೆ ಚಾಚಿಕೊಂಡಿತು. ಅಪ್ಪಯ್ಯ ತಿರುಗಿ ನೋಡಿ, ಬ್ರೆಡ್ಡು ಕೇಳುತ್ತಿದ್ದೇನೆಂದುಕೊಂಡು, ಆ ಕೈಯಲ್ಲಿ ಒಂದು ತುಂಡು ಇಟ್ಟರು.