ಎಡಗಿವಿಯ ಪಿ-೫೩ ಅವರ ಕರ್ತವ್ಯಲೋಪ

ನನ್ನ ಎಡಗಿವಿಯ ಚರ್ಮದ ಕೋಶದಲ್ಲಿ ವಿರಾಜಮಾನರಾಗಿರುವ, ಗಡ್ಡೆ ತಡೆಯುವ ವಂಶವಾಹಿ ಪಿ-೫೩ ಅವರ ಘನ ಸನ್ನಿಧಿಗೆ,

ಮಾನ್ಯರೇ, ಕ್ವೀನ್ಸ್‌ಲ್ಯಾಂಡಿನ ಮಕಾಯ್ ಊರಿನ ಮಹಿಳಾ ಕ್ರಿಕೆಟ್ ತಂಡದಲ್ಲಿ ಮೊನ್ನೆ ಮೊನ್ನೆಯವರೆಗೂ ಸ್ಪಿನ್ ಹಾಕುತ್ತಿದ್ದ ಡೆಸ್ಲಿ ಹಾರ್ಸ್ಟ್‌ಮನ್ ಮಾಡುವ ಅನಂತ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ ಎಂದು ಬರೆಯುವುದು ರೂಢಿ. ಕ್ಷೇಮವಾಗಿಲ್ಲವೆಂದು ಡಾಕ್ಟರೇ ಹೇಳಿರುವುದರಿಂದ ಅದನ್ನು ಬಿಟ್ಟಿದ್ದೇನೆ.

ತಮ್ಮ ಆಡಳಿತವನ್ನು ನಾನು ಸದಾ ಮೆಚ್ಚಿದವಳು. ತಾವು ಕಳಿಸಿದ ಪ್ರೋಟೀನು ಡಿಎನ್‌ಎ ಮೇಲೆ ಕುಳಿತು "ಈ ವಂಶವಾಹಿಯ ನಕಲು ತೆಗೆಯಿರಿ" ಎಂದು ಸೂಚಿಸಿದರೆ ಸಾಕು, ಆ ನಕಲಿನ ಪ್ರಕಾರ ಕೆಲಸ ನಡೆದು, ಬಿಸಿಲಿಗೆ ಕೆಟ್ಟ ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ, ರಿಪೇರಿಯಾಗುತ್ತದೆ, ರಿಪೇರಿಗೆ ಬಗ್ಗದಿದ್ದರೆ ಮರ್ಯಾದೆಯಿಂದ ಸಾಯುತ್ತದೆ. ಪ್ರತಿ ಬೇಸಿಗೆಯಲ್ಲೂ ನನ್ನ ಮೂಗಿನ ಸಿಪ್ಪೆ ಸುಲಿದಾಗ ತಮ್ಮ ಇಲಾಖೆಯ ಶಿಸ್ತನ್ನು ಕೊಂಡಾಡಿದ್ದೇನೆ.

ನಮ್ಮಲ್ಲಿ ಬೌಲರ್ ಆದವಳು ಟೋಪಿ ತೆಗೆದು ಅಂಪೈರ್ ಕೈಗೆ ಕೊಟ್ಟೇ ಚೆಂಡು ಹಿಡಿಯುವುದು. ಅಂಪೈರ್ ಎಂದರೆ ನಮ್ಮ ಯಜಮಾನರೇ, ಕ್ಲಾರಿ. ಅವರು ತಮ್ಮ ತಲೆಯ ಟೋಪಿಯ ಮೇಲೆ ನನ್ನದನ್ನೂ ಏರಿಸಿಕೊಂಡು ತಂಪಾಗಿ ನಿಂತಿರುತ್ತಿದ್ದರು, ನಾನು ಬರಿದಲೆಯಲ್ಲಿ ಓವರ್ ಮೇಲೆ ಓವರ್ ಹಾಕುತ್ತಿದ್ದೆ. "ಕಿವಿ ಸುಡ್ತಾ ಇದೆ ಕಣ್ರೀ" ಎಂದರೆ "ಇನ್ನೊಂದು ವಿಕೆಟ್ ತೆಗಿಯೇ, ಆಮೇಲೆ ನೋಡೋಣ" ಎನ್ನುತ್ತಿದ್ದರು. ನನಗೂ ತಾವಿದ್ದೀರೆಂಬ ಧೈರ್ಯ! ಆದರೆ ಆ ಬಿಸಿಲಿಗೆ ತಾವೇ ಕೆಟ್ಟು ಕೂತಿದ್ದೀರೆಂದೂ, ತಡೆಯುವವರಿಲ್ಲದೆ ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಗಡ್ಡೆ ಕಟ್ಟಿದೆಯೆಂದೂ ಡಾಕ್ಟರ್ ಹೇಳಿದರು. ಗುರುವಾರ ಕಿವಿ ತೆಗೆಯುತ್ತಾರೆ. ಕುತ್ತಿಗೆಗೆ ಇಳಿದಿದೆಯೋ ಇಲ್ಲವೋ ಆಮೇಲೆ ಗೊತ್ತಾಗುತ್ತದಂತೆ. ನನಗೆ ಹೆದರಿಕೆಯಾಗಿದೆ, ಮಾನ್ಯರೇ.

ಆದಕಾರಣ ತಾವು ದಯಮಾಡಿ ಬುಧವಾರ ಸಂಜೆಯೊಳಗೆ ತಮ್ಮನ್ನು ತಾವೇ ದುರಸ್ತಿ ಮಾಡಿಕೊಂಡು, ಹಿಂದಿನ ತಾರೀಖು ಹಾಕಿಯಾದರೂ ಸರಿಯೇ, ಆ ಮೊಟ್ಟಮೊದಲ ಕೋಶಕ್ಕೆ ಮರಣದಾಜ್ಞೆ ಹೊರಡಿಸಬೇಕಾಗಿ ಸವಿನಯ ಪ್ರಾರ್ಥನೆ.

ಸದ್ಯಕ್ಕೆ ಎರಡೂ ಕಿವಿಗಳಿರುವ,
ತಮ್ಮ ವಿಶ್ವಾಸಿ,
ಡೆಸ್ಲಿ ಹಾರ್ಸ್ಟ್‌ಮನ್

ವಿ.ಸೂ.: ಶನಿವಾರ ಮೊಮ್ಮಗಳು ಟಿಲಿ ಬೌಲಿಂಗಿಗೆ ಬಂದು ಟೋಪಿ ತೆಗೆದು ಚಾಚಿದಳು. ಕ್ಲಾರಿ ಎರಡೂ ಕೈಗಳನ್ನು ಜೇಬಿಗಿಳಿಸಿ, "ಹಾಕ್ಕೊಂಡೇ ಬೌಲ್ ಮಾಡು" ಎಂದರು. "ಅಯ್ಯೋ ತಾತ, ಎಲ್ಲಾರೂ ನಗ್ತಾರೆ!" "ನಗ್ಲಿ ಬಿಡು. ತೆಗೆದ್ರೆ ಒಂದೊಂದು ಬಾಲೂ ನೋಬಾಲ್ ಕೊಡ್ತೀನಿ, ನೋಡ್ತಿರು!" ಎಂದರು. ಅವಳು ಟೋಪಿ ಹಾಕಿಕೊಳ್ಳುವವರೆಗೂ ಆಟ ನಿಂತೇ ಇತ್ತು. ತಮ್ಮ ಹುದ್ದೆ ಖಾಲಿ ಇರುವುದರಿಂದ ಆ ಕೆಲಸಕ್ಕೆ ಅವರನ್ನೇ ನೇಮಿಸಿಕೊಂಡಿದ್ದೇನೆ.