ಅಡ್ಮಿನಿಸ್ಟ್ರೇಟರ್ ಯಾರ್ರಿ ಇಲ್ಲಿ?

ಕೊಟ್ಟೂರಿನಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ವಾರಕ್ಕೊಂದಾದರೂ ಈ ಪ್ರಶ್ನೆಯ ಫಜೀತಿ ನಡೆಯದೆ ಹೋದರೆ ನನಗೇ ಏನೋ ಕಳೆದುಕೊಂಡ ಹಾಗೆ ಆಗುತ್ತಿತ್ತು. ಹಳೇ ತೊಂಬತ್ತೆಂಟರ ವಿಂಡೋಸ್ ತೆಗೆದು ಎಕ್ಸ್‌ಪಿ ಹಾಕಿಸಿಕೊಳ್ಳುವ ಹುಕಿ ಆಗ ನಮ್ಮ ಕಡೆ ಹಬ್ಬಿತ್ತು. ಬ್ಯಾಗಿನಲ್ಲಿ ನಾಲ್ಕು ಸಿ.ಡಿ., ಒಂದು ಸ್ಕ್ರೂಡ್ರೈವರ್ ಹಾಕಿಕೊಂಡು ಇವತ್ತು ಕೂಡ್ಲಿಗಿ, ನಾಳೆ ಹಡಗಲಿ, ನಾಡಿದ್ದು ಬೊಮ್ಮನಹಳ್ಳಿ ಅಂತ ಬಸ್ಸಿನಲ್ಲಿ ತಿರುಗುತ್ತಿದ್ದೆ.

ಹಳೇ ವಿಂಡೋಸ್‌ನಲ್ಲಿ ಯಾರು ಬೇಕಾದರೂ ಕೂತು ಏನು ಬೇಕಾದರೂ ಮಾಡಬಹುದಿತ್ತು. ಹೊಸದು ಹಾಗಲ್ಲ. ನೀನು ಯಾರು, ನಿನಗೆ ಅಧಿಕಾರ ಇದೆಯಾ ಅಂತ ಮೊದಲು ಕೇಳುತ್ತದೆ. ಅಡ್ಮಿನಿಸ್ಟ್ರೇಟರ್ ಅಂತ ಒಬ್ಬ ಯಜಮಾನ, ಉಳಿದವರೆಲ್ಲ ‘ಲಿಮಿಟೆಡ್’. ಯಜಮಾನನ ಪಾಸ್‌ವರ್ಡ್ ಇಲ್ಲದೆ ಸೆಟ್ಟಿಂಗ್ ಮುಟ್ಟಿದರೆ ‘ನಿಮಗೆ ಅನುಮತಿ ಇಲ್ಲ’ ಅನ್ನುತ್ತದೆ. ಇದನ್ನು ಕಂಪ್ಯೂಟರಿಗೆ ಹೇಳಿಕೊಡುವುದು ಅರ್ಧ ಗಂಟೆ ಕೆಲಸ. ಜನಕ್ಕೆ ಹೇಳಿಕೊಡುವುದರಲ್ಲಿ ನನ್ನ ಕೂದಲು ಬೆಳ್ಳಗಾಯಿತು.

ಬಾತುಕೋಳಿ

ಬೊಮ್ಮನಹಳ್ಳಿ ಕಡೆಯ ಒಂದು ಹೈಸ್ಕೂಲು. ಕಂಪ್ಯೂಟರ್ ಕೋಣೆಯ ಜವಾಬ್ದಾರಿ ಲೆಕ್ಕದ ಮೇಷ್ಟ್ರದು. ಹಾಗಾಗಿ ಎಕ್ಸ್‌ಪಿ ಹಾಕಿದಾಗ ಅವರನ್ನೇ ಅಡ್ಮಿನಿಸ್ಟ್ರೇಟರ್ ಮಾಡಿ, ಹೆಡ್‌ಮಾಸ್ಟರಿಗೆ ಒಂದು ಲಿಮಿಟೆಡ್ ಖಾತೆ ಮಾಡಿಕೊಟ್ಟು ಬಂದಿದ್ದೆ. ಮೂರನೇ ದಿನ ಫೋನ್ ಬಂತು, ಕೂಡಲೇ ಬರಬೇಕಂತೆ. ಹೋದೆ.

ಹೆಡ್‌ಮಾಸ್ಟರು ಸ್ಕ್ರೀನ್ ತೋರಿಸಿ, “ಈ ಸಾಲಿಗೆ ಹೆಡ್‌ಮಾಸ್ಟರ್ ನಾನು. ನನ್ನ ಹೆಸರಿನ ಕೆಳಗ ಲಿಮಿಟೆಡ್ ಅಂತ ಐತಿ. ಅವರ ಹೆಸರಿನ ಕೆಳಗ ಅಡ್ಮಿನಿಸ್ಟ್ರೇಟರ್. ಇದನ್ನ ಹುಡುಗ್ರು ನೋಡಿದ್ರ ಏನಂತಾರ?” ಅಂದರು.

ಲೆಕ್ಕದ ಮೇಷ್ಟ್ರು ಪಾಪದವರು. “ಪಾಸ್‌ವರ್ಡ್ ನೀವ ಇಟ್ಕೊಳ್ರಿ ಸರ್, ನನಗ ಬ್ಯಾಡ,” ಅಂದರು.

“ಪಾಸ್‌ವರ್ಡ್ ಯಾರಿಗೆ ಬೇಕ್ರಿ? ಅದನ್ನ ನೆನಪಿಡೋರು ಯಾರು? ನನಗ ಆ ಪದ ಬೇಕು.”

ಕೇಳಿದ್ದು ಪದ ತಾನೇ. ಅವರ ಖಾತೆಯ ಹೆಸರನ್ನೇ ‘ಹೆಡ್‌ಮಾಸ್ಟರ್ ಅಡ್ಮಿನಿಸ್ಟ್ರೇಟರ್’ ಅಂತ ಬದಲಿಸಿದೆ. ಅಧಿಕಾರ ಮೊದಲು ಎಷ್ಟಿತ್ತೋ ಅಷ್ಟೇ. ಹೆಡ್‌ಮಾಸ್ಟರು ಎರಡು ಸಲ ಓದಿಕೊಂಡು ಸಮಾಧಾನವಾದರು. ನಾನು ಬ್ಯಾಗು ಎತ್ತಿಕೊಂಡಾಗ ದನಿ ಸಣ್ಣದು ಮಾಡಿ, “ಇನ್ನೊಂದೈತ್ರಿ. ನನ್ನ ಹೆಸರಿನ ಬಾಜು ಬಾತುಕೋಳಿ ಚಿತ್ರ ಯಾಕ ಹಾಕೀರಿ? ಅವರಿಗೆ ರಾಕೆಟ್ ಕೊಟ್ಟೀರಿ,” ಅಂದರು.

ಆ ಚಿತ್ರಗಳನ್ನು ಕಂಪ್ಯೂಟರು ತನ್ನ ಪಾಡಿಗೆ ತಾನು ಹಾಕಿಕೊಳ್ಳುತ್ತದೆ ಅಂತ ಹೇಳಿ ನೋಡಿದೆ. ಅವರು ನಂಬಲಿಲ್ಲ. ನಾನು ಲೆಕ್ಕದ ಮೇಷ್ಟ್ರ ಮುಖ ನೋಡಿದೆ.

“ಬಾತುಕೋಳಿ ನನಗ ಬರ್ಲಿ ಬಿಡ್ರಿ,” ಅಂದರು ಅವರು. “ಇವತ್ತಾದ್ರೂ ಕ್ಲಾಸ್ ನಡೀಲಿ.”

ಫಾಂಟಿನ ಪಾಸ್‌ವರ್ಡ್

ಕೊಟ್ಟೂರಿನಲ್ಲೇ ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆಗೆ ಒಂದು ಪ್ರಿಂಟಿಂಗ್ ಪ್ರೆಸ್ಸಿತ್ತು. ಮುಂದೆ ಪ್ರೆಸ್ಸು, ಹಿಂದೆ ಮನೆ. ಯಜಮಾನರು ಅಚ್ಚಿನ ಮೊಳೆ ಜೋಡಿಸುವ ಕಾಲದವರು, ಕಂಪ್ಯೂಟರ್ ಕೆಲಸವೆಲ್ಲ ಮಗನದು. ಆದರೂ ಪಾಸ್‌ವರ್ಡ್ ಇಡುವ ಹೊತ್ತಿಗೆ ಯಜಮಾನರು ಮಗನನ್ನೂ ನನ್ನನ್ನೂ ಹೊರಗೆ ಕಳಿಸಿ, ಟವೆಲ್ ಅಡ್ಡ ಹಿಡಿದು, ಒಂದೇ ಬೆರಳಲ್ಲಿ ಒತ್ತಿದರು. ಆಮೇಲಿಂದ ಮಗ ಒಂದು ಹೊಸ ಫಾಂಟ್ ಹಾಕಬೇಕಾದರೂ ಅಪ್ಪ ಟವೆಲ್ ಹಿಡಿದುಕೊಂಡು ಬರಬೇಕು.

ಒಂದು ದಿನ ಯಜಮಾನರು ಇಟ್ಟಿಗಿ ಊರಿನ ಬೀಗರ ಮನೆಗೆ ಹೋಗಿದ್ದರು. ಆವತ್ತೇ ಮದುವೆ ಕಾರ್ಡಿನ ಗಿರಾಕಿಗಳು ಬಂದು ಕೂತರು. ಹಂಚಲಿಕ್ಕೆ ಸಂಜೆಗೆ ಕಾರ್ಡು ಬೇಕು. ಅವರು ಆರಿಸಿದ ಬಳ್ಳಿ ಅಕ್ಷರದ ಫಾಂಟ್ ಮೆಷೀನಿನಲ್ಲಿಲ್ಲ. ಹಾಕಲು ಹೋದರೆ ಅನುಮತಿ ಇಲ್ಲ. ಮಗ ನನ್ನನ್ನು ಕರೆಸಿದ. ಯಜಮಾನರ ಪಾಸ್‌ವರ್ಡ್ ಒಡೆಯಲು ನನಗೆ ಮನಸ್ಸು ಬರಲಿಲ್ಲ. “ಮೊದಲು ಫೋನ್ ಮಾಡಪ,” ಅಂದೆ.

ಬೀಗರ ಮನೆಯಲ್ಲಿ ಪಡಸಾಲೆ ತುಂಬ ಜನ ಇರಬೇಕು, ಗದ್ದಲ ನನಗೇ ಕೇಳುತ್ತಿತ್ತು. ಯಜಮಾನರು ದನಿ ತಗ್ಗಿಸಿ, “ನಿಮ್ಮವ್ವನ ಹೆಸರು,” ಅಂತ ಅಷ್ಟೇ ಹೇಳಿ ಫೋನ್ ಇಟ್ಟರು.

ಊರಿಗೆಲ್ಲ ಅವರು ಗೌರಮ್ಮ. ಯಜಮಾನರು ಮಾತ್ರ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ನಾವ್ಯಾರೂ ಕೇಳಿದವರಲ್ಲ. “ಇಲ್ನೋಡು” ಅಂದರೆ ಅದು ಅವರಿಗೇ ಅಂತ ಎಲ್ಲರಿಗೂ ಗೊತ್ತು. ಮಗ ಇಂಗ್ಲಿಷಿನಲ್ಲಿ ಗೌರಮ್ಮ ಅಂತ ಬರೆದ, ಆಗಲಿಲ್ಲ. ಕಾಗುಣಿತ ಬದಲಿಸಿದ, ಆಗಲಿಲ್ಲ. ನಾನು ಮೂರು ನಮೂನೆ ಬರೆದೆ. ಕಾರ್ಡಿನ ಗಿರಾಕಿಗಳೂ ಎದ್ದು ಬಂದು ತಮಗೆ ತೋಚಿದ ಹಾಗೆ ಹೇಳತೊಡಗಿದರು. ಗೌರವ್ವ ಅಂತಲೂ ನೋಡಿದೆವು.

ಚಹಾ ತಂದ ಗೌರಮ್ಮನವರು ತಟ್ಟೆ ಕೆಳಗಿಟ್ಟು, ಗೋಡೆಯ ಕ್ಯಾಲೆಂಡರ್ ನೋಡುತ್ತ, “ಬರೇ ಗೌರಿ ಅಂತ ಹೊಡದು ನೋಡಪ,” ಅಂದರು.

ತೆರೆದುಕೊಂಡಿತು. ಕಾರ್ಡು ಸಂಜೆಗೆ ಹೋಯಿತು.

ಮಾರನೇ ದಿನ ಯಜಮಾನರು ನನ್ನನ್ನು ಕರೆದು, “ಪಾಸ್‌ವರ್ಡ್ ಬ್ಯಾರೆ ಮಾಡ್ಬಕು, ಎಲ್ಲಾರಿಗೂ ಗೊತ್ತಾಗೈತಿ,” ಅಂದರು. ಒಳಗಿನಿಂದ ಗೌರಮ್ಮನವರ ದನಿ ಬಂತು. “ಗೊತ್ತಾಗಿದ್ದು ಆತಲ್ಲ, ಅದ ಇರ್ಲಿ ಬಿಡ್ರಿ.”

ಕಾಲ ಬದಲಿಸುವವರು

ಹರಪನಹಳ್ಳಿಯಲ್ಲಿ ಕಂಪ್ಯೂಟರ್ ಜಾತಕ ಬರೆದುಕೊಡುವ ಒಬ್ಬರು ಸ್ವಾಮಿಗಳಿದ್ದರು. ಅವರ ಮೆಷೀನಿನೊಳಗೆ ಗಡಿಯಾರದ ಸಣ್ಣ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಆಫ್ ಮಾಡಿ ಆನ್ ಮಾಡಿದರೆ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಓಡುತ್ತಿತ್ತು. ಬೆಳಗ್ಗೆ ಪೂಜೆ ಮುಗಿಸಿ ಮೊದಲು ತಾರೀಕು ಸರಿ ಮಾಡುವುದು ಸ್ವಾಮಿಗಳ ದಿನಚರಿ. ನಾನು ಎಕ್ಸ್‌ಪಿ ಹಾಕಿ, ವೈರಸ್ ಬರದಿರಲಿ ಅಂತ ಅವರಿಗೂ ಲಿಮಿಟೆಡ್ ಖಾತೆ ಮಾಡಿದ್ದೆ. ಈ ದಿನಚರಿ ನನಗೆ ಗೊತ್ತಿರಲಿಲ್ಲ.

ಮರುದಿನ ಉಚ್ಚಂಗಿದುರ್ಗದಿಂದ ಒಬ್ಬ ಹೆಂಡತಿ ಜೊತೆ ಬಂದನಂತೆ. ಬೋರ್‌ವೆಲ್ ಎಲ್ಲಿ ಹಾಕಿಸಬೇಕು ಅಂತ ಕೇಳುವುದಿತ್ತು. ಸ್ವಾಮಿಗಳು ಅವಸರದಲ್ಲಿ ಮೆಷೀನಿನ ತಾರೀಕು ಸರಿ ಮಾಡುವುದು ಮರೆತು, ಗಂಡನ ಜನ್ಮದ ತಾರೀಕು ಹಾಕಿ ಪ್ರಿಂಟ್ ಕೊಟ್ಟರು. ಗಂಡ ಓದಿದ. ಅದರಲ್ಲಿ ಈಗ ನಡೆಯುವ ದಶೆಯ ಫಲ ಅಂತ ‘ಶೀಘ್ರದಲ್ಲೇ ಕಂಕಣಬಲ’ ಅಂತಿತ್ತು. ಹೆಂಡತಿ ಸಮಾಧಾನವಾಗಿಯೇ, “ಯಾರ ಜತಿಗಂತೆ?” ಅಂದಳು.

ಸ್ವಾಮಿಗಳಿಗೆ ತಾರೀಕು ಹಿಂದೆ ಹೋಗಿದ್ದು ಹೊಳೆಯಿತು. ಸರಿ ಮಾಡಲು ಗಡಿಯಾರದ ಮೇಲೆ ಒತ್ತಿದರು. ಇಂಗ್ಲಿಷಿನಲ್ಲಿ ಏನೋ ಬಂತು. ಗಂಡ ಪಿಯುಸಿ ಓದಿದವನು, ಓದಿ ಹೇಳಿದ. “ಸ್ವಾಮೇರೆ, ಟೈಮು ಬದಲಿ ಮಾಡೋ ಅಧಿಕಾರ ನಿಮಗಿಲ್ಲ ಅಂತ ಬರೆದೈತೆ.”

ಹೆಂಡತಿ ಸೆರಗು ಸಿಗಿಸಿಕೊಂಡು ಎದ್ದಳು. “ಹಂಗಾರೆ ಇಲ್ಲೀಗಂಟ ಯಾಕ್ ಬಂದ್ವಿ ನಾವು?”

ಇದನ್ನೆಲ್ಲ ನನಗೆ ಹೇಳಿದ್ದು ಸ್ವಾಮಿಗಳೇ. ನಾನು ಹೊಸ ಬ್ಯಾಟರಿ ಹಾಕಿ, ಅನುಮತಿಯನ್ನೂ ಕೊಟ್ಟು ಬಂದೆ.

ಇಬ್ಬರು ಆಡಳಿತಾಧಿಕಾರಿಗಳು

ಈ ಕಚೇರಿ ಯಾವ ಊರಿನದು ಅಂತ ಹೇಳುವುದಿಲ್ಲ. ಜನನ ಮರಣ ಪತ್ರ ಕೊಡುವ ಕಚೇರಿ ಅಂದರೆ ಸಾಕು. ಚುನಾಯಿತ ಸದಸ್ಯರ ಅವಧಿ ಮುಗಿದು, ಮೇಲಿನ ಒಬ್ಬ ಸಾಹೇಬರನ್ನು ಸರ್ಕಾರ ಆಡಳಿತಾಧಿಕಾರಿ ಮಾಡಿತ್ತು. ಇಂಗ್ಲಿಷಿನಲ್ಲಿ ಬರೆದರೆ ಅಡ್ಮಿನಿಸ್ಟ್ರೇಟರ್.

ಅಲ್ಲಿ ಎಕ್ಸ್‌ಪಿ ಹಾಕಿದ ಮೇಲೆ ಪ್ರಮಾಣಪತ್ರದ ಪ್ರೋಗ್ರಾಂ ಪ್ರಿಂಟ್ ಕೊಡಲಿಲ್ಲ. ಪ್ರಿಂಟರ್ ಸೆಟ್ಟಿಂಗ್ ತೆರೆದರೆ ‘ನಿಮಗೆ ಅನುಮತಿ ಇಲ್ಲ, ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ’ ಅಂತ ಬಂತು. ಹಿರಿಯ ಗುಮಾಸ್ತರು ನಿಯಮದ ಮನುಷ್ಯ. ಸಂಪರ್ಕಿಸಿ ಅಂದಿದೆಯಲ್ಲ, ಸಂಪರ್ಕಿಸಿದರು. ಪ್ರಿಂಟರ್ ಸೆಟ್ಟಿಂಗ್ ತೆರೆಯಲು ಅನುಮತಿ ಕೋರಿ ಕಡತ ಮಂಡಿಸಿದರು. ಸಾಹೇಬರು ರಾಶಿ ಕಡತಗಳ ನಡುವೆ ಅದಕ್ಕೂ ‘ಅನುಮತಿಸಿದೆ’ ಅಂತ ಬರೆದು ಸಹಿ ಹಾಕಿದರು. ಮೊಹರೂ ಬಿತ್ತು.

ಗುಮಾಸ್ತರು ಆದೇಶವನ್ನು ಮಾನಿಟರಿನ ಮುಂದೆ ನಿಲ್ಲಿಸಿ, ಬಟನ್ ಒತ್ತಿದರು. ಮತ್ತೆ ಅದೇ ಮಾತು. ಆಗ ನನ್ನನ್ನು ಕರೆಸಿದರು.

ನಾನು ಹೋದಾಗ ಬೆಂಚಿನ ಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡ ಕುರಿಗಾರ ಅಜ್ಜ ಒಬ್ಬ ಕೂತಿದ್ದ. ಮೊಮ್ಮಗಳನ್ನು ಶಾಲೆಗೆ ಸೇರಿಸಲು ಜನನ ಪತ್ರ ಬೇಕು. ನಾಲ್ಕು ದಿನದಿಂದ ಬರುತ್ತಿದ್ದನಂತೆ. ಸೇರಿಸಿಕೊಳ್ಳಲು ಅದೇ ಕಡೇ ದಿನ.

“ಸಾಹೇಬ್ರ ಅಪ್ಪಣಿ ಆಗೈತಂತ್ರಿ,” ಅಂದ ಅಜ್ಜ ನನಗೆ. “ಪೆಟ್ಟಿಗಿ ಒಪ್ಪವಲ್ದಂತ.”

ನಾನು ಗುಮಾಸ್ತರಿಗೆ ತಿಳಿಸಿ ಹೇಳಿದೆ. “ಇದರೊಳಗಿನ ಅಡ್ಮಿನಿಸ್ಟ್ರೇಟರ್ ನಿಮ್ಮ ಸಾಹೇಬ್ರಲ್ರಿ. ಅವ ಬ್ಯಾರೆ.”

ಗುಮಾಸ್ತರು ಕನ್ನಡಕ ತೆಗೆದರು. “ಒಂದ ಆಫೀಸಿಗೆ ಇಬ್ಬರು ಆಡಳಿತಾಧಿಕಾರಿ ಹೆಂಗಿರ್ತಾರ್ರಿ? ಆ ಇನ್ನೊಬ್ರನ್ನ ನೇಮಕ ಮಾಡಿದ್ದು ಯಾರು?”

“ನಾನ ಮಾಡಿದ್ದು.”

“ನೇಮಕಾತಿ ಆದೇಶ ಐತೇನು?”

ನಾನು ಕುರ್ಚಿ ಎಳೆದು ಕೂತು, ಪಾಸ್‌ವರ್ಡ್ ಹಾಕಿ, ಗುಮಾಸ್ತರ ಖಾತೆಗೆ ಬೇಕಾದ ಅನುಮತಿ ಕೊಟ್ಟೆ. ಪ್ರಿಂಟರ್ ಗರಗರ ಅಂತ ಪತ್ರ ಹೊರಗೆ ಹಾಕಿತು. ಅಜ್ಜ ಅದನ್ನು ಕಣ್ಣಿಗೆ ಒತ್ತಿಕೊಂಡು, ಮಡಿಸಿ, ಕಂಬಳಿಯೊಳಗೆ ಇಟ್ಟುಕೊಂಡು ಶಾಲೆಯ ಕಡೆ ಓಡುನಡಿಗೆಯಲ್ಲಿ ಹೋದ. ನಾನೂ ಎದ್ದೆ.

“ಕೂಡ್ರಿ,” ಅಂದರು ಗುಮಾಸ್ತರು. “ಸಾಹೇಬ್ರ ಆದೇಶ ಆದಮ್ಯಾಲೂ ಎರಡು ದಿನ ಯಂತ್ರ ಪಾಲಿಸಿಲ್ಲ. ಯಾಕ ಅಂತ ಕಾರಣ ಬೇಕು. ಇಲ್ಲಾಂದ್ರ ಕಡತ ಮುಗಿಯಂಗಿಲ್ಲ. ನೀವ ಬರದುಕೊಡ್ರಿ.”

ನನಗೆ ಬಸ್ಸು ತಪ್ಪುವ ಹೊತ್ತು. ಬಿಳಿ ಹಾಳೆ ತಗೊಂಡು, ತಮಾಷೆಗೆ, ‘ಆದೇಶದ ಪ್ರತಿ ಯಂತ್ರಕ್ಕೆ ತಲುಪಿರಲಿಲ್ಲ’ ಅಂತ ಒಂದೇ ಸಾಲು ಗೀಚಿ ಸಹಿ ಮಾಡಿದೆ. ಗುಮಾಸ್ತರು ಎರಡು ಸಲ ಓದಿದರು. ಬೈಯುತ್ತಾರೆ ಅಂದುಕೊಂಡೆ. “ಇದು ಖರೇ ಐತಿ. ಪ್ರತಿ ಕಳಿಸೋದು ನಮ್ಮ ಕಡಿಂದನ ತಪ್ಪೈತಿ,” ಅಂದು ಕಡತಕ್ಕೆ ಸೇರಿಸಿದರು.

ಮುಂದಿನ ತಿಂಗಳು ಮೌಸ್ ಕೊಡಲು ಅಲ್ಲಿಗೆ ಹೋಗಿದ್ದೆ. ಕಂಪ್ಯೂಟರ್ ಆನ್ ಮಾಡಿದರೆ ಸ್ಕ್ರೀನಿನ ನಟ್ಟನಡುವೆ ಒಂದು ಫೈಲ್. ತೆರೆದೆ. ಸಾಹೇಬರ ಆದೇಶವನ್ನು ಅಕ್ಷರ ಬಿಡದೆ ಟೈಪ್ ಮಾಡಿ, ಕೊನೆಗೆ ‘ಪ್ರತಿ: ಗಣಕಯಂತ್ರಕ್ಕೆ, ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ’ ಅಂತ ಹಾಕಿದ್ದರು.

ನಾನು ಗುಮಾಸ್ತರ ಮುಖ ನೋಡಿದೆ. ಅವರು ಹಳೇ ಮೌಸಿನ ವೈರು ಸುತ್ತುತ್ತ ಹೇಳಿದರು.

“ಪ್ರತಿ ಮುಟ್ಟಿದ ದಿನದಿಂದ ಒಂದ್ಸಲನೂ ಎದುರು ಮಾತಾಡಿಲ್ಲ ನೋಡ್ರಿ.”