ನಾಲ್ಕುನೂರ ನಲವತ್ತೊಂಬತ್ತು ರೂಪಾಯಿಯ ಅಜ್ಜ

ಕುಷ್ಟಗಿಯಲ್ಲಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮನುಷ್ಯರು ಎರಡೇ ಬಗೆ. ಒಂದು, ಸ್ವಾಮಿಗಳು. ಇನ್ನೊಂದು, ಆ ಮನೆಯಲ್ಲಿ ತೀರಿಕೊಂಡವರು. ಮೂರನೆಯ ಬಗೆಗೆ ಅವಕಾಶವಿಲ್ಲ. ಈ ನಿಯಮವನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿರಲಿಲ್ಲ.

ಬೀಜ-ಗೊಬ್ಬರದ ಅಂಗಡಿಯ ಹಂಪಣ್ಣ ಹೊಸ ಮನೆ ಕಟ್ಟಿಸಿದಾಗ ನಡುಮನೆಯ ಒಂದು ಗೋಡೆ ಬೋಳಾಗಿ ಉಳಿಯಿತು. ಹಂಪಣ್ಣನ ತಂದೆ ಫೋಟೋ ತೆಗೆಸಿಕೊಂಡವರಲ್ಲ. ಹಳೆಯ ರೇಷನ್ ಕಾರ್ಡಿನಲ್ಲಿ ಒಂದಿತ್ತು. ಅದರಲ್ಲಿ ಕಚೇರಿಯ ಶಿಕ್ಕಾ ನೇರವಾಗಿ ಮುಖದ ಮೇಲೆ ಬಿದ್ದಿತ್ತು. ದೊಡ್ಡದು ಮಾಡಿಸಿದರೆ ಶಿಕ್ಕಾ ದೊಡ್ಡದಾಗುತ್ತಿತ್ತು.

ಹೆಂಡತಿ ಶಿವಬಸಮ್ಮ ಬೋಳು ಗೋಡೆ ನೋಡುತ್ತ ತನಗೆ ಊಟ ಸೇರುವುದಿಲ್ಲ ಎಂದಳು. ಮಗಳು ಶೈಲಜಾ ಮೊಬೈಲು ತಂದಳು. ಚಿತ್ರ ಮಾರುವ ತಾಣವೊಂದರಲ್ಲಿ ನಲವತ್ತು ಸಾವಿರ ಚಿತ್ರಗಳಿದ್ದವು. ಮೊದಲನೆಯದು ಪೂರ್ತಿ ನೀಲಿ. ಬೇರೇನೂ ಇರಲಿಲ್ಲ. ಬೆಲೆ ಹದಿನೆಂಟು ಸಾವಿರ.

"ಇನ್ನಾ ಬಂದಿಲ್ಲ ಇದು. ನೆಟ್‌ವರ್ಕ್ ಇಲ್ಲೇನು?" ಎಂದ ಹಂಪಣ್ಣ.

"ಬಂದೈತಪ್ಪಾ. ಅದು ಇರೋದ ಅಷ್ಟು."

"ಮುಂದ ಹೋಗು."

ಮುಂದೆ ಒಬ್ಬ ಹೆಂಗಸು. ಎರಡು ಕಣ್ಣೂ ಮೂಗಿನ ಒಂದೇ ಬದಿಗಿದ್ದವು. "ಪಾಪ" ಎಂದಳು ಶಿವಬಸಮ್ಮ. ಅದರ ಮುಂದೆ ಒಂದು ಜಲಪಾತ. ವಾರಕ್ಕೊಮ್ಮೆ ನಳದ ನೀರು ಬರುವ ಓಣಿಯಲ್ಲಿ ಅದನ್ನು ತೂಗುಹಾಕಿದರೆ ಮಂದಿಯ ಹೊಟ್ಟೆ ಉರಿಯುತ್ತದೆಂದು ಬಿಟ್ಟರು. ಶೈಲಜಾ ಐನೂರರೊಳಗಿನವನ್ನಷ್ಟೇ ತೋರಿಸುವಂತೆ ಮಾಡಿದಳು. ನಲವತ್ತು ಸಾವಿರ ಹೋಗಿ ಹನ್ನೊಂದು ಉಳಿದವು. ಅವುಗಳಲ್ಲಿ ಒಬ್ಬ ಮುದುಕನಿದ್ದ. ರುಮಾಲು, ಬಿಳಿ ಮೀಸೆ, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಕಣ್ಣು. ಚೌಕಟ್ಟು ಸಮೇತ ನಾಲ್ಕುನೂರ ನಲವತ್ತೊಂಬತ್ತು. ಮನೆಗೆ ತಲುಪಿಸುವುದು ಪುಕ್ಕಟೆ.

"ಯಾರಿವ?"

"ಯಾರೂ ಅಲ್ಲಪ್ಪಾ. ಕಲೆ."

"ಇರ್ಲಿ. ಮನ್ಯಾಗ ಒಬ್ರು ಹಿರ್ಯಾರು ಇದ್ದಂಗ ಕಾಣ್ತೈತಿ. ತರಿಸು."

ಐದನೆಯ ದಿನ ಮುದುಕ ಬಂದ. ಆರನೆಯ ದಿನ ಬದಿಮನೆಯ ಸಣ್ಣವ್ವ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಳು. ಗೋಡೆ ನೋಡಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕೈ ಮುಗಿದಳು.

"ನಿಮ್ಮ ಅಪ್ಪಾರೇನ್ರಿ ಹಂಪಣ್ಣಾರ?"

ಹಂಪಣ್ಣ ಅಂಗಡಿಯ ಕೀಲಿ ಹುಡುಕುತ್ತಿದ್ದ. ಹೊತ್ತಾಗಿತ್ತು. "ಹೂಂ" ಎಂದ.

ಅವನು ಮಾಡಿದ್ದು ಇಷ್ಟೇ.

ಮರುದಿನ ಸಣ್ಣವ್ವ ಹಾರ ತಂದಳು. ಆ ವಾರವೇ ಇರಕಲ್ಲಗಡದಿಂದ ದೊಡ್ಡಪ್ಪನ ಮಗ ಲಕ್ಷ್ಮಣಪ್ಪ ಬಂದ. ಚಿತ್ರದ ಮುಂದೆ ನಿಂತು ಕಣ್ಣು ಒರೆಸಿಕೊಂಡ.

"ಕಾಕಾರು ನನಗ ಬಾವ್ಯಾಗ ಈಸು ಕಲಿಸಿದ್ರು. ಎಷ್ಟು ಈಸಿದ್ರೂ ಮೀಸಿ ತೊಯ್ತಿದ್ದಿಲ್ಲ."

ತನ್ನ ತಂದೆಗೆ ಈಜು ಬರುತ್ತಿರಲಿಲ್ಲ, ಮೀಸೆಯೂ ಇರಲಿಲ್ಲ ಎಂದು ಹಂಪಣ್ಣನಿಗೆ ಗೊತ್ತಿತ್ತು. ಅಳುವವನನ್ನು ತಡೆದು ಅದನ್ನು ಹೇಳುವುದು ಸರಿಯೆನಿಸಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಅವನೂ ಅಂಗಡಿಗೆ ಹೊರಡುವಾಗ ಗೋಡೆಯ ಕಡೆ ತಿರುಗಿ "ಬರ್ತೀನ್ರಿ" ಎನ್ನತೊಡಗಿದ್ದ.

ಆಗ ಶೈಲಜಾಳಿಗೆ ಸಂಬಂಧ ಕೂಡಿಬಂತು. ಹುಡುಗ ಪ್ರಭುರಾಜ, ದನದ ಡಾಕ್ಟರ್. ಊರು ಮಂಗಳೂರು. ಯಲಬುರ್ಗಾ ಕಡೆಯದು, ಸಮುದ್ರದ್ದಲ್ಲ. ಶೈಲಜಾ ಹಿಂದೆ ಆರು ವರಗಳನ್ನು ಬೇಡವೆಂದವಳು. ಏಳನೆಯವನೊಡನೆ ಎರಡು ತಿಂಗಳು ಫೋನಿನಲ್ಲಿ ಮಾತಾಡಿ ತಾನಾಗಿ ಒಪ್ಪಿದ್ದಳು. ಇದು ತಪ್ಪಿದರೆ ಎಂಟನೆಯವನನ್ನು ತರಬೇಡಿರೆಂದು ತಾಯಿಗೆ ಹೇಳಿಯೂ ಆಗಿತ್ತು.

ಹುಡುಗನ ತಾಯಿ ವಿರೂಪಾಕ್ಷಮ್ಮ ಮಗನನ್ನು ಕರೆದುಕೊಂಡು ಮನೆ ನೋಡಲು ಬಂದಳು. ಹೊಸ್ತಿಲಲ್ಲೇ ನಿಂತಳು.

"ನಮ್ಮ ಮಾವಾರು ನಿಮ್ಮ ಗ್ವಾಡಿ ಮ್ಯಾಲ ಯಾಕ ಅದಾರ್ರಿ?"

ಪ್ರಭುರಾಜ ತನ್ನ ಚಪ್ಪಲಿ ನೋಡಿಕೊಂಡ. ಅವನೂ ಐನೂರರೊಳಗೆ ಹುಡುಕಿದ್ದ.

"ಇವರು ನಮ್ಮಪ್ಪಾರ್ರಿ" ಎಂದ ಹಂಪಣ್ಣ. ಮೂರು ತಿಂಗಳ ರೂಢಿ, ಬಾಯಿಗೆ ಅದೇ ಬಂತು.

"ಹಂಗಾರ ಹುಡುಗಿ ನಮ್ಮ ಹುಡುಗಗ ತಂಗಿ ಆತು" ಎಂದು ವಿರೂಪಾಕ್ಷಮ್ಮ ಚಹಾ ಮುಟ್ಟದೆ ಹೋದಳು.

ಶೈಲಜಾ ತಂದೆಯ ಮುಂದೆ ಬಂದು ನಿಂತಳು. "ಮೊಬೈಲ್‌ನ್ಯಾಗ ತರಿಸಿದ್ದು ಅಂತ ಹೇಳಿಬಿಡ್ರಿ ಅಪ್ಪಾ."

"ಹೇಳಬಹುದು. ಮೂರು ತಿಂಗಳ ನಾ ಯಾರಿಗೆ ಕೈ ಮುಗಿದೆ ಅಂತ ಸಣ್ಣವ್ವ ಕೇಳಿದ್ರ? ಲಕ್ಷ್ಮಣಪ್ಪ ಅತ್ತಿದ್ದು?"

"ನಾ ಅತ್ತಿದ್ದು ಲೆಕ್ಕಕ್ಕಿಲ್ಲೇನು?"

"ನೀ ಎಲ್ಲಿ ಅತ್ತಿ?"

"ಅಳ್ತೀನಿ ತಡೀರಿ."

ಅತ್ತಳು. ಹಂಪಣ್ಣ ಎರಡು ದಿನ ಅಂಗಡಿ ತೆರೆಯಲಿಲ್ಲ.

ವಿಷಯ ಊರಲ್ಲಿ ಹಬ್ಬಿದಾಗ ಸುತ್ತಮುತ್ತ ಒಟ್ಟು ಮೂವತ್ತೊಂದು ಮನೆಗಳವರು ಅದೇ ಮುದುಕನ ಮಕ್ಕಳೆಂದು ಗೊತ್ತಾಯಿತು. ಮೂವತ್ತೊಂದರಲ್ಲಿ ಒಂದು ಮನೆಯವರೂ ತರಿಸಿದ್ದೆಂದು ಹೇಳಲಿಲ್ಲ. ಹದಿನೈದು ದಿನದಲ್ಲಿ ಹಳೆಯ ಎಣ್ಣೆ ಗಾಣದ ಮಾಳಿಗೆಯ ಮೇಲೆ 'ಭಾವಚಿತ್ರ ಹಾಗೂ ಹಿರಿಯರ ಪರಿಶೀಲನಾ ಕಚೇರಿ' ಆರಂಭವಾಯಿತು. ಆಟೋಕ್ಕೆ ಮೈಕು ಕಟ್ಟಿ ಸಾರಿದರು:

"ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ತೊಂಬತ್ತು ದಿನ ಹಾರ ಹಾಕಿಸಿಕೊಂಡ ಯಾವುದೇ ಚಿತ್ರವನ್ನು ಸದರಿ ಮನೆಯ ಹಿರಿಯರೆಂದು ಪರಿಗಣಿಸತಕ್ಕದ್ದು. ಒಂದೇ ಚಿತ್ರದ ಹಿರಿಯರುಳ್ಳ ಮನೆಗಳ ನಡುವೆ ಬೀಗತನವನ್ನು ನಿಷೇಧಿಸಲಾಗಿದೆ. ಹಿರಿಯರನ್ನು ಬದಲಿಸಲಿಚ್ಛಿಸುವವರು ನಮೂನೆ ಏಳರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹಿರಿಯರು ಖುದ್ದು ಹಾಜರಿರತಕ್ಕದ್ದು."

ಹಂಪಣ್ಣ ಮೊದಲು ವಿರೂಪಾಕ್ಷಮ್ಮನಿಗೆ ಫೋನು ಮಾಡಿದ. ನಿಮ್ಮವರನ್ನು ಬದಲಿಸುತ್ತೀರಾ ಎಂದು ಕೇಳಿದ.

"ಸಾಲಿಗೆ ಎರಡು ಎಕರೆ ಬಿಟ್ಟು ಕೊಟ್ಟಾರ ಅಂತ ಊರ ತುಂಬ ಹೇಳೀನ್ರಿ. ಈಗ ಹೆಂಗ ಇಳಸ್ಲಿ? ನಿಮ್ಮವರು ಏನರ ಕೊಟ್ಟಾರೇನು?"

"ಈಸು ಕಲಿಸ್ಯಾರ."

"ನೀವ ಇಳಸ್ರಿ."

ಹಂಪಣ್ಣ ಮುದುಕನನ್ನು ಟವೆಲಿನಲ್ಲಿ ಸುತ್ತಿ ಬೈಕಿನ ಮೇಲೆ ಕಚೇರಿಗೆ ಒಯ್ದ. ಗುಮಾಸ್ತ ಹಾಲೇಶ ಮೇಜಿನ ಎಡಗಡೆ ಅರ್ಜಿ ತೆಗೆದುಕೊಳ್ಳುತ್ತಿದ್ದ. ಬಲಗಡೆ ಹಾರ ಮಾರುತ್ತಿದ್ದ. ಸಾರ್ವಜನಿಕರಿಗೆ ಅನುಕೂಲವಾಗಲೆಂದು.

"ಹಿರ್ಯಾರು ತೀರಿಕೊಂಡ ದಿನಾ ಹೇಳ್ರಿ."

"ಮನಿಗೆ ಬಂದ ದಿನಾ ಬರಕೋ."

"ಅದು ಹುಟ್ಟಿದ ದಿನಾ ಆಗ್ತೈತ್ರಿ. ತೀರಿಕೊಂಡಿದ್ದು ಹಾರ ಹಾಕಿದ ದಿನಾ."

"ಹಂಗಾರ ಎರಡು ದಿನಾ ಬದುಕಿದ್ರು."

"ಎರಡು ದಿನದಾಗ ಮೂವತ್ತೊಂದು ಮನಿ ಬೆಳಸ್ಯಾರ" ಎಂದು ಹಾಲೇಶ ಗೌರವದಿಂದ ಬರೆದುಕೊಂಡ. "ಬದಲಿ ಹಿರ್ಯಾರು ಯಾರ್ರಿ?"

ಬದಲಿ ಹಿರಿಯರಿಗೆ ಎರಡು ಷರತ್ತುಗಳಿದ್ದವು. ಒಂದು ಕಾಲಕ್ಕೆ ಉಸಿರಾಡಿದವರಾಗಿರಬೇಕು. ಬೆಲೆ ಹಳೆಯವರಿಗಿಂತ ಹೆಚ್ಚಿರಬಾರದು, ಹೆಚ್ಚಾದರೆ ಹಳೆಯವರಿಗೆ ಅವಮಾನ. ಹಂಪಣ್ಣ ಅಲ್ಲೇ ಬೆಂಚಿನ ಮೇಲೆ ಕೂತು ಮೊಬೈಲು ತೆರೆದ. ಆ ಬೆಲೆಯೊಳಗೆ ಹೂದಾನಿಗಳಿದ್ದವು, ದೋಣಿಗಳಿದ್ದವು, ಮುಳುಗುವ ಸೂರ್ಯ ನಾಲ್ಕು ಥರ ಇದ್ದ. ಉಸಿರಾಡುವಂಥದ್ದು ಒಂದೇ ಇತ್ತು. ಒಂಟೆ.

"ಇದಕ್ಕ ಕಾಲು ನಾಲ್ಕು ಅದಾವಲ್ಲೋ" ಎಂದ ಹಂಪಣ್ಣ.

ಹಾಲೇಶ ನಮೂನೆಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದ. "ಕಾಲು ಎಷ್ಟು ಅಂತ ಎಲ್ಲೂ ಕೇಳಿಲ್ರಿ."

"ಆತು. ಬರಕೋ."

"ಆದ್ರ ತೊಂಬತ್ತು ದಿನ ಹಾರ ಹಾಕಿಸಿಕೋಬೇಕ್ರಿ ಇವರೂ."

"ಮುಂದಿನ ಸೋಮವಾರದೊಳಗ ನನ್ನ ಮಗಳ ನಿಶ್ಚಯ ಆಗ್ಬೇಕು. ಹುಡುಗ ಅಲ್ಲೀತನಕ ಅಷ್ಟ ತಡೀತೀನಿ ಅಂದಾನ."

"ಹಂಗಿದ್ರ ತತ್ಕಾಲ್ ಐತ್ರಿ. ತೊಂಬತ್ತು ಹಾರ ಒಮ್ಮೆಲೆ."

"ಅಷ್ಟು ಹಾರ ಎಲ್ಲಿ ಸಿಗ್ತಾವು?"

ಹಾಲೇಶ ಕುರ್ಚಿ ಎಳೆದುಕೊಂಡು ಮೇಜಿನ ಬಲಗಡೆಗೆ ಸರಿದು ಕೂತ.

ಹಳೆಯ ಹಿರಿಯರನ್ನು ಕಚೇರಿಯಲ್ಲಿ ಜಮಾ ಮಾಡಿಕೊಂಡು ರಸೀದಿ ಕೊಟ್ಟರು. ಹಂಪಣ್ಣ ಬಾಗಿಲ ಹತ್ತಿರ ತಿರುಗಿ ನಿಂತ. "ಬರ್ತೀನ್ರಿ" ಎಂದ. "ಬರ್ರಿ" ಎಂದ ಹಾಲೇಶ, ತನಗೆ ಹೇಳಿದ್ದೆಂದು ತಿಳಿದು. ಮೆಟ್ಟಿಲು ಇಳಿದು ಹಂಪಣ್ಣ ಖಾಲಿ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

ಒಂಟೆ ಶನಿವಾರ ಬಂತು. ಬಿಸಿಲಿನಲ್ಲಿ ನಿಂತ ಒಂಟೆ, ಬೆನ್ನ ಮೇಲೆ ಕೆಂಪು ಜೂಲು. ಭಾನುವಾರ ತೊಂಬತ್ತು ಹಾರಗಳನ್ನು ಹಾಕಿದರು. ಮುಖವಷ್ಟೇ ಹೊರಗೆ ಉಳಿಯಿತು. ಸಣ್ಣವ್ವ ಬಂದು ನೋಡಿದಳು. ಆಮೇಲೆ ಸೆರಗು ಎಳೆದುಕೊಂಡಳು.

"ಅಪ್ಪಾರ ಅಪ್ಪಾರೇನ್ರಿ?"

"ಹೂಂ."

"ಅನಿಸ್ತು. ನೀರು ಕೇಳಲಾರ್ದ ಊರಿಂದ ಊರಿಗೆ ನಡೀತಿದ್ರಂತ. ನಮ್ಮತ್ತಿ ಹೇಳ್ತಿದ್ಲು."

ಸೋಮವಾರ ಮಂಗಳೂರಿನವರು ಎರಡು ಗಾಡಿಗಳಲ್ಲಿ ಬಂದರು. ವಿರೂಪಾಕ್ಷಮ್ಮ ಈ ಸಲವೂ ಹೊಸ್ತಿಲಲ್ಲಿ ನಿಂತಳು. ಶೈಲಜಾ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಹಂಪಣ್ಣ ಹಾಲೇಶ ಕೊಟ್ಟ ಪ್ರಮಾಣಪತ್ರವನ್ನು ಮುಂದೆ ಹಿಡಿದ. ಅವಳು ಅದನ್ನು ಓದಲಿಲ್ಲ. ಗೋಡೆಯ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ನಮ್ಮವರ ಪೈಕಿ ಅಲ್ಲ ಬಿಡು" ಎಂದು ಮಗನಿಗೆ ಹೇಳಿದಳು.

ಪ್ರಭುರಾಜನೂ ಬಂದು ನೋಡಿದ. ಹಲ್ಲು ನೋಡಿದ, ಕಿವಿ ನೋಡಿದ. "ಆರೋಗ್ಯ ಛಲೋ ಇತ್ರಿ ಇವರದು" ಎಂದ.

ಶೈಲಜಾಳನ್ನು ಕರೆತಂದು ಚಿತ್ರದ ಕೆಳಗೆ ಚಾಪೆಯ ಮೇಲೆ ಕೂಡಿಸಿದರು. ವಿರೂಪಾಕ್ಷಮ್ಮ ಅವಳ ಗದ್ದ ಹಿಡಿದು ಮುಖ ಎತ್ತಿದಳು.

"ಅದಕ್ಕ ಮತ್ತ. ಹುಡುಗಿ ಕಣ್ಣರೆಪ್ಪಿ ಇಷ್ಟು ಉದ್ದ ಎಲ್ಲಿಂದ ಬಂದಾವು ಅಂತಿದ್ದೆ."

ಬಂದವರೆಲ್ಲ ಒಮ್ಮೆ ಮೇಲೆ ನೋಡಿದರು, ಒಮ್ಮೆ ಕೆಳಗೆ ನೋಡಿದರು. ಹೌದೆಂದರು. ಎಲೆ-ಅಡಿಕೆ ಬದಲಾದವು.